ಮಾವನ ಪುರಾಣದಲ್ಲಿ ಅತ್ತೆಗೊಂದು ಚೌಕ

ನಮ್ಮ ಸೋದರಮಾವನ ಮನೆಯಲ್ಲಿ ಅರ್ಧ ಗಂಟೆ ಕೂತು ಬಂದವರು ಯಾರೂ ಮನುಷ್ಯರಾಗಿ ಉಳಿದಿಲ್ಲ. ಒಂದೋ ದೇವರಾಗಿದ್ದಾರೆ, ಇಲ್ಲವೇ ರಾಕ್ಷಸರಾಗಿದ್ದಾರೆ. ನಾನು ಮಂಥರೆಯಾಗಿದ್ದೇನೆ. ಯಾವ ತಪ್ಪಿಗೆ ಅಂತೀರಿ? ಹೊರಡುವಾಗ ಬಾಗಿಲ ಬಳಿ ಬಗ್ಗಿ ನನ್ನ ಇನ್ನೊಂದು ಚಪ್ಪಲಿ ಹುಡುಕುತ್ತಿದ್ದೆ, ಅಷ್ಟೆ! "ಹಾಗೇ ಇರು ಮಾರಾಯ್ತಿ, ಅಲ್ಲಾಡ್ಬೇಡ" ಎನ್ನುತ್ತ ಮಾವ ಪೆನ್ಸಿಲ್ ತೆಗೆದೇಬಿಟ್ಟರು. ಹದಿನೈದು ದಿನ ಕಳೆಯುವುದರೊಳಗೆ ನಮ್ಮ ಶಾಲೆಯ ಮಕ್ಕಳೆಲ್ಲ, ಕೈಕೇಯಿಯ ಕಿವಿ ಊದುತ್ತಿರುವ ತಮ್ಮ ಗಣಿತದ ಮೇಡಂ ಅವರನ್ನು ಬಣ್ಣದಲ್ಲಿ ನೋಡಿ ಪಾವನರಾದರು.

ಮಾವ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದವರು. ಯಂತ್ರ ಬರೆಯುವುದು ಕೆಲಸ, ಪುರಾಣ ಬರೆಯುವುದು ಚಟ. ಮೂವತ್ತು ವರ್ಷ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದು, ಈಗ ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮ ಹಿಂದಿನ ರಸ್ತೆಗೆ ಬಂದಿದ್ದಾರೆ. ಪುಟಕ್ಕೆ ಆರು ಚೌಕ, ಚೌಕದೊಳಗೆ ಚಿತ್ರ, ಚಿತ್ರದ ತಲೆಯ ಮೇಲೆ ಮಾತಿನ ಗುಳ್ಳೆ. ಪುಸ್ತಕ ಮುಗಿದರೆ ಕಲರ್ ಜೆರಾಕ್ಸ್ ತೆಗೆಸಿ, ಅತ್ತೆಯ ಕೈಯಲ್ಲಿ ಹೊಲಿಸಿ, ಬೀದಿಯ ಮಕ್ಕಳಿಗೆ ಹಂಚುತ್ತಾರೆ. ಅವರದು ಎರಡು ಶಪಥ. ಕಣ್ಣಾರೆ ಕಾಣದ ಮುಖ ಬರೆಯುವುದಿಲ್ಲ. ಕಥೆಯಲ್ಲಿ ಒಂದಕ್ಷರ ಬದಲಾಯಿಸುವುದಿಲ್ಲ. ಭೀಷ್ಮ ಕೂಡ ಇಷ್ಟು ಹಟ ಹಿಡಿದಿರಲಾರ!

ರಾವಣನನ್ನೇ ತೆಗೆದುಕೊಳ್ಳಿ. ಬೇರೆ ಯಾರಾದರೂ ಆಗಿದ್ದರೆ ಒಂದೇ ಮುಖವನ್ನು ಹತ್ತು ಸಲ ಬರೆದು ಕೈತೊಳೆದುಕೊಳ್ಳುತ್ತಿದ್ದರು. "ಅದು ಓದೋ ಮಕ್ಕಳಿಗೆ ಮಾಡೋ ಮೋಸ" ಎಂದು ಮಾವ ಕ್ಯಾಂಟೀನಿನಿಂದ ಹತ್ತು ಜನರನ್ನು ಕರೆತಂದು ಬೆಂಚಿನ ಮೇಲೆ ಸಾಲಾಗಿ ಕೂರಿಸಿದರಂತೆ. ಇಬ್ಬರು ತಮಿಳರು, ಒಬ್ಬರು ತೆಲುಗರು, ಉಳಿದವರು ನಮ್ಮವರು. ನಡುವಿನ ದೊಡ್ಡ ತಲೆ ಯಾರದ್ದು ಎಂದು ಮೂರು ಭಾಷೆಯಲ್ಲಿ ಜಗಳ! ಕೊನೆಗೆ ಚೀಟಿ ಎತ್ತಿದರು. ಈಗಲೂ ಆ ಪುಸ್ತಕ ತೆರೆದು ನೋಡಿ, ರಾವಣ ಸೀತೆಯೆದುರು ಗರ್ಜಿಸುತ್ತಿದ್ದರೆ ಬಲಗಡೆಯ ಕೊನೆಯ ತಲೆ ಮಾತ್ರ ಮುಖ ಊದಿಸಿಕೊಂಡು ಆಚೆ ನೋಡುತ್ತಿದೆ. ಅವರಿಗೆ ಚೀಟಿ ಬಂದಿರಲಿಲ್ಲ.

ದುರ್ಗೆಯ ಸಿಂಹಕ್ಕಾಗಿ ಮಾವ, ಅತ್ತೆ, ನಾನು, ಒಂದು ಡಬ್ಬಿ ಪುಳಿಯೋಗರೆ, ಮೂರು ಭಾನುವಾರ ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೋದೆವು. ಮೂರು ಭಾನುವಾರವೂ ಸಿಂಹ ಮಲಗಿತ್ತು. "ಎದ್ದಿರೋ ಹಾಗೆ ಬರೀರಿ ಮಾವ, ಯಾರು ಕೇಳ್ತಾರೆ?" ಎಂದೆ. "ಎದ್ದಿದ್ದು ನಾನು ಕಂಡಿಲ್ವಲ್ಲೇ!" ಎಂದರು. ಹಾಗಾಗಿ ನಮ್ಮ ಮಾವನ ಪುಸ್ತಕದಲ್ಲಿ ದುರ್ಗೆ ತ್ರಿಶೂಲ ಎತ್ತಿದ್ದಾಳೆ, ಮಹಿಷಾಸುರ ಕಣ್ಣು ಕೆಂಪು ಮಾಡಿದ್ದಾನೆ, ನಡುವೆ ಸಿಂಹ ನಾಲ್ಕೂ ಕಾಲು ಚಾಚಿ ಸೊಂಪಾಗಿ ನಿದ್ದೆ ಮಾಡುತ್ತಿದೆ.

ಎರಡನೆಯ ಶಪಥಕ್ಕೆ ಬಲಿಯಾದವರು ಗ್ಯಾರೇಜಿನ ಸಾದಿಕ್ ಭಾಯ್. ಮಾವನ ಸ್ಕೂಟರಿಗೆ ಇವರೇ ಧನ್ವಂತರಿ, ಪುಸ್ತಕದಲ್ಲಿ ಕರ್ಣ. ರಥದ ಚಕ್ರ ಮಣ್ಣಿನಲ್ಲಿ ಹೂತ ಚೌಕ ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಏನ್ ಸಾರ್, ನನ್ನ ಕೈಯಲ್ಲಿ ಬರಿಗೈಲಿ ಎತ್ತಿಸ್ತಿದೀರಾ? ಕೆಳಗೊಂದು ಹಲಗೆ ಇಡಿ, ಒಂದು ಜಾಕ್ ಕೊಡಿ. ಎರಡು ನಿಮಿಷದ ಕೆಲಸ."

"ಆಮೇಲೆ ಕರ್ಣ ಬದುಕಿಬಿಡ್ತಾನಲ್ಲ, ಸಾದಿಕ್!"

"ಬದುಕ್ಲಿ ಬಿಡಿ ಸಾರ್. ನಿಮಗೇನು ನುಕ್ಸಾನು?"

ಮಾವ ಕರಗಲಿಲ್ಲ. ಮುಂದಿನ ಪುಟದ ಮೂರನೆಯ ಚೌಕದಲ್ಲಿ ಸಾದಿಕ್ ಭಾಯ್ ವೀರಮರಣ ಹೊಂದಿದರು. ಅದಾದ ಮೇಲೆ ಮಾವನ ಸ್ಕೂಟರು ಎರಡು ವಾರ ಗ್ಯಾರೇಜಿನಿಂದ ಹೊರಗೆ ಬರಲಿಲ್ಲ. ಯಾವುದೋ ಪಾರ್ಟು ಸಿಗುತ್ತಿಲ್ಲವಂತೆ!

ಇಷ್ಟೆಲ್ಲ ಜನ ಪುರಾಣ ಸೇರಿದರೂ ಅತ್ತೆ ಮಾತ್ರ ಹೊರಗೇ ಉಳಿದರು. ರಾವಣನ ಹತ್ತೂ ಬಾಯಿಗೆ ಕಾಫಿ ಕೊಟ್ಟವರು ಅವರು, ಬಣ್ಣ ಕಲಸಿದವರು ಅವರು. ಪಕ್ಕದ ಕ್ವಾರ್ಟರ್ಸಿನ ನರ್ಸಮ್ಮ ಸೀತೆಯಾದರು, ತರಕಾರಿ ಗಾಡಿಯ ಹೆಂಗಸು ಕುಂತಿಯಾದಳು. ಮನೆಯಲ್ಲೇ ಇದ್ದ ಹೆಂಡತಿಯ ಮುಖ ಒಂದೇ ಒಂದು ಚೌಕದಲ್ಲೂ ಇಲ್ಲ. ಪುಸ್ತಕ ಹೊಲಿಯುವ ಮೊದಲು ಅತ್ತೆ ಪುಟ ಪುಟವನ್ನೂ ತಿರುವಿ ಹುಡುಕುತ್ತಾರೆ, ಹಿಂದೆ ಚಾಮರ ಬೀಸುವ ದಾಸಿಯರನ್ನೂ ಬಿಡದೆ. "ನನ್ನ ಮುಖಕ್ಕೆ ಏನಾಗಿದೆಯೇ?" ಎಂದು ಒಮ್ಮೆ ನನ್ನನ್ನು ಕೇಳಿದರು. ನಗುತ್ತಲೇ ಕೇಳಿದರು. ನನಗೆ ನಗು ಬರಲಿಲ್ಲ.

ಹೋದ ವರ್ಷ ಮಾವನ ಬಲಗೈ ನಡುಗಲು ಶುರುವಾಯಿತು. "ನಳ ದಮಯಂತಿ ನನ್ನ ಕೊನೇ ಪುಸ್ತಕ. ಆಮೇಲೆ ಕುಂಚ ತೊಳೆದಿಡ್ತೀನಿ" ಎಂದರು. ಮರುದಿನದಿಂದ ಅತ್ತೆ, ಮಾವ ಬರೆಯಲು ಕೂರುವ ಹೊತ್ತಿಗೆ ಸರಿಯಾಗಿ, ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಎದುರಿನ ಕುರ್ಚಿಯಲ್ಲಿ ಅವರೆಕಾಯಿ ಬಿಡಿಸಲು ಕೂರತೊಡಗಿದರು. ರೇಷ್ಮೆ ಸೀರೆಯಲ್ಲಿ ಅವರೆಕಾಯಿ! ಮಾವ ತಲೆ ಎತ್ತಲಿಲ್ಲ. ಪುಟಗಳು ಮುಂದೆ ಹೋದವು, ದಮಯಂತಿಯ ಮುಖದ ಜಾಗ ಮಾತ್ರ ಎಲ್ಲ ಚೌಕಗಳಲ್ಲೂ ಖಾಲಿಯೇ ಇತ್ತು.

ಒಂದು ಸಂಜೆ ಅತ್ತೆ ಸಿಪ್ಪೆ ಚೆಲ್ಲಲು ಹಿತ್ತಲಿಗೆ ಹೋದಾಗ ನಾನು ಜಗಳಕ್ಕೇ ನಿಂತೆ. "ಏನ್ ಮಾವ ನೀವು? ಊರವರೆಲ್ಲ ಆಗ್ತಾರೆ, ಅತ್ತೆ ಒಬ್ರು ಆಗಲ್ವಾ?"

ಮಾವ ಎದ್ದು ಕಪಾಟಿನ ಮೇಲಿಂದ ಒಂದು ಕಟ್ಟು ಇಳಿಸಿದರು. ಎಲ್ಲ ಪೆನ್ಸಿಲಿನಲ್ಲಿ ಬರೆದ ಪುಟಗಳು. ಎಲ್ಲದರಲ್ಲೂ ಅತ್ತೆ! ಇಪ್ಪತ್ತೈದರ ಅತ್ತೆ ಸೀತೆಯಾಗಿ, ಮೂವತ್ತರ ಅತ್ತೆ ಶಕುಂತಲೆಯಾಗಿ, ನಲವತ್ತರ ಅತ್ತೆ ದ್ರೌಪದಿಯಾಗಿ. ಯಾವ ಕಥೆಯೂ ಅರ್ಧ ದಾಟಿರಲಿಲ್ಲ.

"ಸೀತೆ ಮಾಡಿದೆ ಕಣೇ. ಕೊನೆಗೆ ಬೆಂಕಿಗೆ ಇಳಿಸ್ಬೇಕಲ್ಲ? ಕೈ ಬರ್ಲಿಲ್ಲ. ದ್ರೌಪದಿ ಮಾಡಿದೆ. ಕೂದಲು ಹಿಡಿದು ಸಭೆಗೆ ಎಳಿಸ್ಬೇಕು. ಅದೂ ಆಗ್ಲಿಲ್ಲ. ಕಥೆ ಬದಲಾಯಿಸೋ ಹಾಗಿಲ್ಲ, ಬೇರೆಯವರನ್ನ ಕೂರಿಸ್ದೆ. ಈಗ ಈ ದಮಯಂತಿ. ಮಲಗಿದ್ದವಳನ್ನ ಕಾಡಲ್ಲೇ ಬಿಟ್ಟು ನಳ ಎದ್ದು ಹೋಗ್ತಾನೆ. ನಿಮ್ಮತ್ತೇನ ನಾನು ಹೇಗೆ ಬಿಟ್ಟು ಹೋಗ್ಲಿ ಮಾರಾಯ್ತಿ?"

ಬಾಗಿಲಲ್ಲಿ ಅತ್ತೆ ಖಾಲಿ ಮೊರ ಹಿಡಿದು ನಿಂತಿದ್ದರು. ಒಳಗೆ ಬಂದು ಒಂದೊಂದೇ ಪುಟ ತಿರುವಿದರು. ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡು, "ಇಷ್ಟು ಚೆನ್ನಾಗಿದ್ನೇನ್ರೀ ನಾನು?" ಎಂದರು. ಆಮೇಲೆ ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂತು ಹೇಳಿದರು: "ಬರೀರಿ. ಕಾಡಿಗೆ ತಾನೇ? ಹೋಗಿ ಬರ್ತೀನಿ." ನಾನು ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ.

ಪುಸ್ತಕ ಕಳೆದ ತಿಂಗಳು ಬಂತು. ಗೆರೆಗಳು ಅಲ್ಲಲ್ಲಿ ನಡುಗಿವೆ. ದಮಯಂತಿಗೆ ಅರವತ್ತೆಂಟು ವರ್ಷ, ತಲೆ ಪೂರ್ತಿ ನೆರೆತಿದೆ. ಅವಳ ಸ್ವಯಂವರಕ್ಕೆ ಇಂದ್ರ, ಅಗ್ನಿ, ಯಮ, ವರುಣ ಎಲ್ಲರೂ ಮುಗಿಬಿದ್ದು ಬಂದಿದ್ದಾರೆ! ಬೀದಿಯ ಯಾವ ಮಗುವಿಗೂ ಇದು ವಿಚಿತ್ರ ಅನ್ನಿಸಿಲ್ಲ. ನಳನಿಗಾಗಿ ಮಾವ ಕನ್ನಡಿ ನೋಡಿಕೊಂಡಿದ್ದಾರೆ, ಕನ್ನಡಕ ಸಮೇತ.

ನಾನು ಎದೆ ಹಿಡಿದುಕೊಂಡೇ ಕಾಡಿನ ಪುಟಕ್ಕೆ ಬಂದೆ. ದಮಯಂತಿ ಮರದ ಕೆಳಗೆ ಮಲಗಿದ್ದಾಳೆ. ನಳ ಏಳುತ್ತಾನೆ. ಎರಡು ಹೆಜ್ಜೆ ಹೋಗುತ್ತಾನೆ. ತಿರುಗಿ ನೋಡುತ್ತಾನೆ. ಕೊನೆಯ ಚೌಕದಲ್ಲಿ ವಾಪಸು ಬಂದು ಅವಳ ಪಕ್ಕದಲ್ಲಿ ಕೂತು, ಉತ್ತರೀಯದಿಂದ ಸೊಳ್ಳೆ ಓಡಿಸುತ್ತಿದ್ದಾನೆ. ಪುಸ್ತಕ ಅಲ್ಲಿಗೇ ಮುಗಿದಿದೆ.

"ಮಾವ, ಮುಂದೆ?"

"ಮುಂದೆ ಏನಿಲ್ಲ. ಅವನು ಹೋಗಲಿಲ್ಲ."

"ಕಥೆ ಬದಲಾಯಿಸಿಬಿಟ್ರಾ!"

ಮಾವ ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಒಳಗೆ ಒಗ್ಗರಣೆ ಹಾಕುತ್ತಿದ್ದ ಅತ್ತೆಯ ಕಡೆ ಒಮ್ಮೆ ನೋಡಿದರು.

"ಹೂಂ, ಬದಲಾಯಿಸ್ದೆ. ಏನೀಗ?" ಎಂದರು.