ಬ್ಯಾಟರಿ ಗಾಡಿಯ ಯಜಮಾನ

ಇಪ್ಪತ್ತೆರಡು ವರ್ಷ ಸೈಕಲ್ಲಿಗೆ ಬಳೆ ಪೆಟ್ಟಿಗೆ ಕಟ್ಟಿಕೊಂಡು ಸವದತ್ತಿ ಸುತ್ತಲಿನ ಹಳ್ಳಿಗಳನ್ನು ತುಳಿದವನು ಮೀರಾಸಾಬ. ಸವೆದದ್ದು ಅವನ ಮೊಣಕಾಲು. ಆದರೆ ಯಾವ ಗಾಡಿ ಕೊಳ್ಳಬೇಕೆಂದು ಹೇಳುವವರು ಹೆಂಡತಿ ಖತಿಜಾಬಿ ಮತ್ತು ಮಗಳು ಫರೀನ್. ಇದಕ್ಕಿಂತ ದೊಡ್ಡ ಅನ್ಯಾಯ ಈ ಭೂಮಂಡಲದಲ್ಲಿ ಉಂಟೇ ಎಂಬುದು ಅವನ ಪ್ರಶ್ನೆ. (ಕೇಳಿದ್ದು ಮನಸ್ಸಿನಲ್ಲೇ.)

ಅದು ಎರಡು ಸಾವಿರದ ಎಂಟನೇ ಇಸವಿ. ಊರಲ್ಲಿ ದುಂಡಪ್ಪ ಬ್ಯಾಟರಿ ಗಾಡಿಗಳ ಅಂಗಡಿ ತೆಗೆದಿದ್ದ. ಇದ್ದದ್ದು ಎರಡೇ ನಮೂನೆ: ಒಂದು ಕೆಂಪು ಸ್ಕೂಟರು, ಇನ್ನೊಂದು ಕರಿ ಬೈಕು. ಬೈಕಿಗೆ ತುಳಿಯಲು ಪೆಡಲ್ಲೂ ಇತ್ತು, ಮುಂದೆ ಮಿರಿಮಿರಿ ಮಿಂಚುವ ಟ್ಯಾಂಕೂ ಇತ್ತು. ಮೀರಾಸಾಬ ಆ ಟ್ಯಾಂಕಿಗೆ ಮನಸೋತ. ಸ್ಕೂಟರು ಕಾಲೇಜು ಹುಡುಗಿಯರ ಗಾಡಿ, ಗಂಡಸು ಅದರ ಮೇಲೆ ಕೂತರೆ ಹಳ್ಳಿಯಲ್ಲಿ ಮರ್ಯಾದೆ ಉಳಿಯುವುದಿಲ್ಲ ಎಂದು ವಾದಿಸಿದ. ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಎರಡು ಪೆಟ್ಟಿಗೆ ಕೂರುತ್ತವೆ, ಬಳೆ ಒಡೆಯುವುದಿಲ್ಲ ಎಂದು ಖತಿಜಾಬಿ ಹೇಳಿದಳು. ಆಮೇಲೆ ಟ್ಯಾಂಕನ್ನು ಬೆರಳಿನಿಂದ ಬಡಿದು ನೋಡಿದಳು.

"ಪೆಟ್ರೋಲ್ ಹಾಕೂದಿಲ್ಲಂದ್ರ ಇದರಾಗ ಏನ್ ಹಾಕ್ತೀರಿ?"

"ಏನೂ ಇಲ್ಲ. ಚಂದಕ್ಕ ಇಟ್ಟಾರ," ಎಂದ ದುಂಡಪ್ಪ.

"ಒಳಗ ಏನೂ ಇಲ್ದ ಮ್ಯಾಲೆ ಚಂದ ಇರೂದು ಮನ್ಯಾಗ ಒಂದ ಸಾಕ್ರಿ."

ಜಗಳ ಮೂರು ದಿನ ನಡೆಯಿತು. ಕೊನೆಗೆ ದುಂಡಪ್ಪನೇ ಬೇಸತ್ತು, ಎರಡೂ ಗಾಡಿ ಒಂದು ದಿನ ಓಡಿಸಿ ನೋಡಿ, ಮುಂದೆ ಮಾತಾಡೋಣ ಎಂದ. ಹತ್ತಿರದ ಹೂಲಿ ಎಂಬ ಹಳ್ಳಿಗೆ ಹೋಗುವುದೆಂದಾಯಿತು. ಮೀರಾಸಾಬ ಬೈಕಿನ ಮೇಲೆ ಒಂದು ಪೆಟ್ಟಿಗೆಯೊಂದಿಗೆ, ಫರೀನ್ ಸ್ಕೂಟರು ಓಡಿಸುತ್ತ, ಅವಳ ಹಿಂದೆ ತಾಯಿ, ಕಾಲ ಬಳಿ ಇನ್ನೊಂದು ಪೆಟ್ಟಿಗೆ. ಯಾರು ಮೊದಲು ಬಳೆ ಮಾರಿ ಮುಗಿಸುತ್ತಾರೋ ಅವರ ಗಾಡಿಯೇ ಮನೆಗೆ.

ಬೆಳಿಗ್ಗೆ ಹೆಂಗಸರು ಹೊರಡುವ ಗಳಿಗೆಯವರೆಗೂ ಸ್ಕೂಟರನ್ನು ಚಾರ್ಜಿಗೆ ಹಾಕಿಟ್ಟಿದ್ದರು. ಮೀರಾಸಾಬನಿಗೆ ಅಷ್ಟು ಸಹನೆ ಎಲ್ಲಿಯದು? ಬಜಾರಿನಲ್ಲಿ ಒಂದು ಸುತ್ತು ಹೊಡೆದ. ಕಿರಾಣಿ ಅಂಗಡಿಯವ ತಲೆ ಬಗ್ಗಿಸಿ ಬೆಲ್ಲ ತೂಗುತ್ತಿದ್ದುದರಿಂದ, ಅವನ ಸಲುವಾಗಿ ಇನ್ನೊಂದು ಸುತ್ತು. ಗಾಡಿ ಸದ್ದೇ ಮಾಡದ್ದರಿಂದ ಯಾರೂ ತಿರುಗಿ ನೋಡಲಿಲ್ಲ. ಹಾರ್ನ್ ಒತ್ತುತ್ತ ಮತ್ತೆ ಮೂರು ಸುತ್ತು. ಆಮೇಲೆ ವಿಜಯಯಾತ್ರೆ ಹೂಲಿಯ ಕಡೆ ಹೊರಟಿತು.

ಅರ್ಧ ದಾರಿಯಲ್ಲಿ ಏರು ಸಿಕ್ಕಿತು. ಬೈಕು ಒಮ್ಮೆ ನಿಟ್ಟುಸಿರಿಟ್ಟು ನಿಂತುಬಿಟ್ಟಿತು. ಪೆಡಲ್ ತುಳಿದ. ಬ್ಯಾಟರಿಯ ಭಾರಕ್ಕೆ ಎಮ್ಮೆಯ ಮೇಲೆ ಕೂತು ಎಮ್ಮೆಯನ್ನೇ ತುಳಿದಂತಾಯಿತು. ಇಳಿದು, ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾಗ ಸ್ಕೂಟರು ಬಂತು.

"ಅಬ್ಬಾ, ಏನಾತು?" ಎಂದು ಅಪ್ಪನನ್ನು ಕೇಳಿದಳು ಫರೀನ್.

"ಏನಿಲ್ಲ. ಇಂಜಿನ್ ತಣ್ಣಗಾಗ್ಲಿ ಅಂತ ನಿಂತೇನಿ."

"ಅಬ್ಬಾ, ಇದಕ್ಕ ಇಂಜಿನ್ನ ಇಲ್ಲ."

ಖತಿಜಾಬಿ ನಗಲಿಲ್ಲ. ಗಂಡನ ಮೊಣಕಾಲು ನಡುಗುತ್ತಿದ್ದುದನ್ನು ನೋಡಿದಳು. "ನಿಮ್ಮ ಪೆಟ್ಟಿಗಿ ಇತ್ಲಾಗ ಕೊಡ್ರಿ, ಅಷ್ಟರ ಹಗರ ಆಗತೈತಿ," ಎಂದು ಅದನ್ನೂ ಮಗಳ ಕಾಲ ಬಳಿ ಇಟ್ಟಳು. ಆಮೇಲೆ ಮಗಳಿಗೆ, "ನಡಿ. ಇಂಜಿನ್ ಇಲ್ದ ಗಾಡಿ ತಣ್ಣಗಾಗಾಕ ಭಾಳ ಹೊತ್ತ ಬೇಕು."

ಬೈಕು ನೂಕುತ್ತ ಮೀರಾಸಾಬ ಹೂಲಿ ತಲುಪಿದಾಗ ನೆತ್ತಿಯ ಮೇಲೆ ಸೂರ್ಯ. ಊರ ಹೆಂಗಸರ ಕೈತುಂಬ ಹೊಸ ಬಳೆ ಗಲಗಲ ಎನ್ನುತ್ತಿದ್ದವು. ಇಪ್ಪತ್ತೆರಡು ವರ್ಷದಿಂದ ಅವನ ಬಳಿಯೇ ಬಳೆ ಇಡಿಸಿಕೊಂಡಿದ್ದ ಪದ್ಮವ್ವ ಮಜ್ಜಿಗೆ ತಂದುಕೊಟ್ಟು, ಬಹಳ ಅಂತಃಕರಣದಿಂದ ಕೇಳಿದಳು: "ಕಾಕಾ, ಬಳಿ ಎಲ್ಲಾ ಖತಿಜಾ ಕಾಕಿನ ಇಟ್ಟಳಲ್ಲ. ನೀವ್ಯಾಕ ಬಿಸಲಾಗ ಬಂದ್ರಿ?"

ಮೀರಾಸಾಬ ಮಜ್ಜಿಗೆ ಕುಡಿದು ಲೋಟ ತಿರುಗಿ ಕೊಟ್ಟ. ಆದರೂ ಅವನು ಮಾತಿಗೆ ತಪ್ಪುವ ಮನುಷ್ಯನಲ್ಲ. ಮರುದಿನ ತಾನೇ ದುಂಡಪ್ಪನ ಅಂಗಡಿಗೆ ಹೋಗಿ ಕೆಂಪು ಸ್ಕೂಟರು ತಂದ. ಅದನ್ನು ತಾನೇ ಓಡಿಸುವುದೆಂದು ಮರ್ಯಾದೆಯ ವಿಷಯದಲ್ಲೂ ರಾಜಿಯಾಗಿದ್ದ. ಆದರೆ ಹೂಲಿಯ ಹೆಂಗಸರು ಮುಂದಿನ ವಾರವೂ ಕಾಕಿಯೇ ಬರಲಿ, ಅವಳ ಕೈ ಮೆತ್ತಗೆ ಎಂದು ಹೇಳಿಕಳಿಸಿದ್ದರು. ಎಂಟು ದಿನದಲ್ಲಿ ಖತಿಜಾಬಿ ಗಾಡಿ ಕಲಿತಳು. ಬೆಳಗಿನ ಹಳ್ಳಿ ತಿರುಗಾಟ ಅವಳದಾಯಿತು.

ಉಳಿದದ್ದು ಚಾರ್ಜಿನ ಸಮಸ್ಯೆ. ಊರಲ್ಲಿ ಕರೆಂಟು ಮಧ್ಯಾಹ್ನ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಅಲ್ಲಾಹನಿಗೂ ಲೈನ್‌ಮನ್ನಿಗೂ ಬಿಟ್ಟರೆ ಬೇರೆಯವರಿಗೆ ತಿಳಿಯದು. ಬಂದ ಕೂಡಲೇ ಪ್ಲಗ್ಗು ಹಾಕಲು ಒಬ್ಬರು ಮನೆಯಲ್ಲಿ ಇರಲೇಬೇಕು.

ಒಂದು ಮಧ್ಯಾಹ್ನ ಗೆಳೆಯ ಲಗಮಣ್ಣ ಬಾಗಿಲಿಗೆ ಬಂದು ಚಹಾಕ್ಕೆ ಕರೆದ. ಮೀರಾಸಾಬ ಸ್ಕೂಟರಿನ ಪಕ್ಕ, ಕೈಯಲ್ಲಿ ವಾಯರು ಹಿಡಿದು ಕುಳಿತಿದ್ದ.

"ಬರಾಕ ಆಗೂದಿಲ್ಲೋ," ಎಂದ ಗಂಭೀರವಾಗಿ. "ಗಾಡಿ ತಗೊಂಡ ಮ್ಯಾಲೆ ಪೂರಾ ಜವಾಬ್ದಾರಿ ನನ್ನ ಮ್ಯಾಲೆ ಬಿದ್ದೈತಿ."

ಒಳಗಿನಿಂದ ಖತಿಜಾಬಿಯ ದನಿ ಕೇಳಿತು: "ಏನ್ರಿ, ಫ್ಯಾನ್ ತಿರುಗಾಕ ಹತ್ತೇತಿ."

ಜವಾಬ್ದಾರಿಯುಳ್ಳ ಮನುಷ್ಯ ಮೊಣಕಾಲು ಹಿಡಿದುಕೊಂಡು ಎದ್ದ.