ಸಾರಿಗೊಂದು ಸಮ್ಮಾನ

ಪಟ್ಟಾಳದಿಂದ ಬಿಡುಗಡೆ ಸಿಗುವುದು ಸುಲಭ. ಮನೆಗೆ ಬಂದು ಮನೆಯವನಾಗುವುದೇ ಕಷ್ಟ. ಸೈನ್ಯ ಬಿಟ್ಟು ವಯನಾಡಿನ ನಮ್ಮೂರು ಚೇಕಾಡಿಗೆ ಮರಳಿದ ಹೊಸತರಲ್ಲಿ ನಾನು ಬೆಳಗಾಗುವ ಮೊದಲೇ ಸೀಟಿ ಊದಿ ಎಲ್ಲರನ್ನೂ ಎಬ್ಬಿಸುತ್ತಿದ್ದೆ. "ಇದು ಮನೆ ಕಣ್ರೀ, ಪಟ್ಟಾಳ ಅಲ್ಲ. ನಿಮ್ಮ ಸೀಟಿಗೆ ಹೆದರಿ ಎಮ್ಮೆ ಹಾಲೇ ಕೊಡ್ತಿಲ್ಲ" ಎಂದು ಹೆಂಡತಿ ಗದರುತ್ತಿದ್ದಳು. ನನಗೋ, ಒಂದೋ ಆರ್ಡರ್ ಕೊಡಬೇಕು, ಇಲ್ಲವೇ ಪಾಲಿಸಬೇಕು. ನಡುವೆ ಮಾತುಕತೆ ಎಂಬುದೊಂದಿದೆ ಎನ್ನುವುದೇ ಮರೆತುಹೋಗಿತ್ತು.

ಆಗಷ್ಟೇ ವಯನಾಡು ಜಿಲ್ಲೆಯಾಗಿತ್ತು. ಮಾಜಿ ಸೈನಿಕರಿಗೆ ದಾರಿ ತೋರಿಸಲು ಒಂದು ಕಚೇರಿ ತೆರೆದಿದ್ದರು. ಅಲ್ಲಿದ್ದವರು ದಾಮೋದರನ್ ಸಾರ್. ನಾನು ಅವರೆದುರು ಅಟೆನ್ಷನ್‌ನಲ್ಲಿ ನಿಂತೆ. "ಇರಿಕ್ಕ್" ಎಂದು ಕುರ್ಚಿ ತೋರಿಸಿದರು. ಅಧಿಕಾರಿಯ ಮುಂದೆ ಕೂರುವುದುಂಟೆ? ಕೊನೆಗೆ "ಇದು ಆರ್ಡರ್" ಎಂದ ಮೇಲೆ ಕೂತೆ. ನನಗೆ ಬ್ಯಾಂಕಿನ ಕಾವಲು ಕೆಲಸ ಕೊಡಿಸಿದ್ದು ಅವರೇ, ಸೀಟಿಯನ್ನು ಅಟ್ಟಕ್ಕೆ ಎಸೆಯಲು ಹೇಳಿದ್ದೂ ಅವರೇ.

ಅವರು ನಿವೃತ್ತರಾಗುವ ಹೊತ್ತಿಗೆ ನಾವು ಮಾಜಿಗಳೆಲ್ಲ ಸೇರಿ ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು. ಅವರನ್ನು ಒಪ್ಪಿಸಿ ಬರಲು ನನ್ನನ್ನು ಅಟ್ಟಿದರು. ನನ್ನ ಮಲಯಾಳವೋ ಅರ್ಧ ಕನ್ನಡ. "ಸಾರಿಗೆ ಒಂದು ಸಮ್ಮಾನ ಕೊಡಬೇಕು" ಎಂದುಬಿಟ್ಟೆ. ನಮ್ಮಲ್ಲಿ ಸನ್ಮಾನವೆಂದರೆ ಶಾಲು, ಹಾರ. ಮಲಯಾಳದಲ್ಲಿ ಸಮ್ಮಾನವೆಂದರೆ ಉಡುಗೊರೆ. ಕೆಲಸ ಕೊಡಿಸಿದ ಅಧಿಕಾರಿಗೆ ಉಡುಗೊರೆ! ಯಾರ ದುಡ್ಡಿನಲ್ಲೂ ಒಂದು ಲೋಟ ಚಹಾ ಕುಡಿಯದ ಮನುಷ್ಯ ಕೆಂಡವಾದರು. "ಪುರತ್ತು ಪೋ!" ಹೊರಗೆ ಹೋಗು ಎಂದದ್ದೇ ತಡ, ನಾನು ಗಿರಕ್ಕನೆ ತಿರುಗಿ ಲೆಫ್ಟ್ ರೈಟ್ ಹಾಕುತ್ತ ಹೊರಬಂದೆ. ಬಸ್ಸು ಹತ್ತಿ ಮನೆಗೂ ಬಂದೆ. ಹೆಂಡತಿ ಹಣೆ ಚಚ್ಚಿಕೊಂಡಳು: "ಶಾಲು ಅಂತ ಬಾಯಿ ಬಿಟ್ಟು ಹೇಳಕ್ಕೆ ಏನಾಗಿತ್ರೀ? ಆ ಪುಣ್ಯಾತ್ಮ ನಮ್ಮನ್ನ ಲಂಚ ಕೊಡೋರು ಅಂತ ತಿಳ್ಕೊಂಡ್ರಲ್ಲ!" ಆಗ ಮಾತ್ರ ನನಗೆ ನಿಜಕ್ಕೂ ಸಂಕಟವಾಯಿತು.

ಮರುದಿನ ಅವಳೇ ಶಾಲಿನ ಸಮೇತ ನನ್ನನ್ನು ಎಳೆದುಕೊಂಡು ಹೋಗಿ, ಹಾಲು ಮಾರಿ ಪಳಗಿದ ಮಲಯಾಳದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಸಾರ್ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಕೈ ಅಡ್ಡ ಹಿಡಿದರು: "ಶಾಲು ಬೇಡಮ್ಮ. ಹೋಗು ಅಂದ ಕೂಡಲೇ ಹೋಗಿಬಿಟ್ಟನಲ್ಲ! ಊರಿನ ಮನುಷ್ಯ ಆಗಿದ್ರೆ ನಿಂತು ಜಗಳ ಆಡ್ತಿದ್ದ. ಇವನನ್ನ ಊರಿನವನು ಮಾಡೋ ನನ್ನ ಕೆಲಸ ಇನ್ನೂ ಮುಗಿದಿಲ್ಲ."

ಜೀವಮಾನದಲ್ಲಿ ಮೊದಲ ಸಲ ಅಧಿಕಾರಿಯೊಬ್ಬರಿಗೆ "ಆಗಲ್ಲ ಸಾರ್" ಎಂದೆ. ಎಂದು, ಶಾಲು ಹೊದಿಸಿಯೇಬಿಟ್ಟೆ. "ಈಗ ಮುಗೀತು" ಎಂದು ಅವರು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ನನ್ನ ಬಲಗೈ ತಾನಾಗಿಯೇ ಸಲ್ಯೂಟಿಗೆ ಎದ್ದಿತ್ತು. ಹೆಂಡತಿ ಮೆಲ್ಲನೆ ಅದನ್ನು ಹಿಡಿದು ಕೆಳಗಿಳಿಸಿದಳು.