ಅಮ್ಮನ ವ್ಯಾಯಾಮವೂ ನನ್ನ ಸನ್ಮಾನದ ಕೋಟೂ

ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತು, ಹಿಮ್ಮಡಿಯನ್ನು ಮೆಲ್ಲಗೆ ಮೇಲೆತ್ತಿ, ಮತ್ತೆ ಅಷ್ಟೇ ಮೆಲ್ಲಗೆ ಕೆಳಗಿಳಿಸುವುದಕ್ಕೆ ವ್ಯಾಯಾಮ ಎಂದು ಹೆಸರಿಟ್ಟ ಮಹಾನುಭಾವ ಯಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಅವನಿಗೆ ಪುಕ್ಕಟೆಯಾಗಿ ಒಂದು ಪ್ಯಾಂಟು ಹೊಲಿದುಕೊಡುತ್ತಿದ್ದೆ, ಒಂದು ಕಾಲು ಗಿಡ್ಡ ಮಾಡಿ.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಕೋಣೆಯ ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಬೆಳಗಿನ ಬಿಸಿಲು ಕಿಟಕಿಯಿಂದ ನೇರವಾಗಿ ಅದರ ಮೇಲೆ ಬೀಳುತ್ತದೆ. ಕಪ್ಪು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಸರಿಯಾಗಿ ಕಾಣುವುದು ಆ ಹೊತ್ತಿನಲ್ಲಿ ಮಾತ್ರ. ಆ ಬಿಸಿಲನ್ನು ನಂಬಿಕೊಂಡೇ ನಾನು ಇಷ್ಟು ವರ್ಷ ಸಂಸಾರ ಸಾಗಿಸಿದ್ದೇನೆ. ಈಗ ಅದೇ ಹೊತ್ತಿಗೆ ನನ್ನ ಮೇಜು ಗೋಡೆಗೆ ಒರಗುತ್ತದೆ, ಗಿರಾಕಿಗಳ ಕುರ್ಚಿಗಳು ಸಾಲಾಗಿ ನಿಲ್ಲುತ್ತವೆ, ನಮ್ಮಮ್ಮನೂ ನನ್ನ ಹೆಂಡತಿಯೂ ಅಕ್ಕಪಕ್ಕದ ಮನೆಯ ಹೆಂಗಸರೂ ಬಂದು ಬಿಸಿಲನ್ನೆಲ್ಲ ತಮ್ಮ ಮೈಮೇಲೆ ಸುರಿದುಕೊಳ್ಳುತ್ತಾರೆ.

ಇದಕ್ಕೆಲ್ಲ ಕಾರಣ ಮಂಡಿ ಡಾಕ್ಟರು. ಅಮ್ಮನಿಗೆ ಮಂಡಿನೋವು ಎಂದು ಕರೆದುಕೊಂಡು ಹೋದರೆ, ಆ ಮನುಷ್ಯ ಒಳ್ಳೆಯ ಮಾತ್ರೆ ಬರೆದುಕೊಟ್ಟು ಕಳಿಸುವುದು ಬಿಟ್ಟು, “ದಿನಾ ಸ್ವಲ್ಪ ಹಗುರವಾಗಿ ಮೈಕೈ ಆಡಿಸಿ ತಾಯೀ, ಇದಕ್ಕೆ ವಯಸ್ಸಿನ ಲೆಕ್ಕ ಇಲ್ಲ” ಎಂದುಬಿಟ್ಟರು. ಅಮ್ಮ ಅದನ್ನು ವೇದವಾಕ್ಯ ಮಾಡಿಕೊಂಡಳು. ಹಿಮ್ಮಡಿ ಎತ್ತುವುದು, ಭುಜ ತಿರುಗಿಸುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು, ಉದ್ದಕ್ಕೆ ಉಸಿರು ಬಿಡುವುದು. (ಉಸಿರು ಬಿಡುವುದಕ್ಕೂ ಅಭ್ಯಾಸ ಬೇಕಂತೆ! ಹುಟ್ಟಿದ ಗಳಿಗೆಯಿಂದ ನಾವೆಲ್ಲ ಮತ್ತೇನು ಮಾಡುತ್ತಿದ್ದೇವೆ?)

“ಅಮ್ಮಾ, ಇದು ವ್ಯಾಯಾಮನಾ? ಬೆವರು ಬರಬೇಕು, ಏದುಸಿರು ಬರಬೇಕು. ಇದು ಸೋಮಾರಿಗಳಿಗೆ ಸಮಾಧಾನ ಅಷ್ಟೇ” ಎಂದೆ.

“ನೀನು ಬೆವರು ಸುರಿಸಿದ್ದು ಯಾವಾಗಪ್ಪಾ? ಫ್ಯಾನ್ ಕೆಟ್ಟಾಗ ತಾನೆ?” ಎಂದಳು.

ಲಾಭ ಆಗಲಿಲ್ಲವೇ ಎಂದು ನೀವು ಕೇಳಬಹುದು. ಹಾನಿ ಏನಾಯಿತು ಎಂದು ಕೇಳಿ, ಹೇಳುತ್ತೇನೆ. ಮೊದಲು ಮೆಟ್ಟಿಲು ಕಂಡರೆ ಹೆದರುತ್ತಿದ್ದ ಅಮ್ಮ, ಒಂದು ದಿನ ಯಾರಿಗೂ ಹೇಳದೆ ಮಹಡಿಯ ಕೋಣೆಗೆ ಹತ್ತಿ, ನಾನು ಅಲ್ಲಿ ಬಚ್ಚಿಟ್ಟಿದ್ದ ಬಿಸ್ಕತ್ತಿನ ಡಬ್ಬಿಯನ್ನು ಪತ್ತೆಹಚ್ಚಿದಳು. ವ್ಯಾಯಾಮದಿಂದ ಸಂಸಾರದ ನೆಮ್ಮದಿ ಹೇಗೆ ಕೆಡುತ್ತದೆ ಎನ್ನುವುದಕ್ಕೆ ಇಷ್ಟು ಸಾಲದೇ?

ಮನಸ್ಸಿಗೂ ಒಳ್ಳೆಯದಂತೆ. ಹೌದು, ಅದೇ ಇನ್ನೂ ದೊಡ್ಡ ತೊಂದರೆ. ಅತ್ತೆ ಸೊಸೆ ಮೊದಲೆಲ್ಲ ಒಂದು ಚಮಚ ಎಲ್ಲಿಟ್ಟೆ ಎಂದು ಶುರು ಮಾಡಿದರೆ ಮಧ್ಯಾಹ್ನದ ತನಕ ನಡೆಯುತ್ತಿತ್ತು. ಆ ಗದ್ದಲದಲ್ಲಿ ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ಈಗ ಇಬ್ಬರೂ ಭುಜ ತಿರುಗಿಸಿ, ಉಸಿರು ಬಿಟ್ಟು, ಒಬ್ಬರಿಗೊಬ್ಬರು ಜಡೆ ಹೆಣೆದುಕೊಂಡು ನಗುತ್ತ ಕೂತಿರುತ್ತಾರೆ. ಹೊತ್ತು ಹೋಗಬೇಕಲ್ಲ, ನನ್ನ ತಪ್ಪು ಹುಡುಕುತ್ತಾರೆ.

ಹೀಗಿರುವಾಗ ನಮ್ಮ ಟೈಲರುಗಳ ಸಂಘದವರು ಈ ಸಲದ ಹಿರಿಯ ಟೈಲರ್ ಸನ್ಮಾನ ನನಗೇ ಎಂದು ಹೇಳಿ ಕಳಿಸಿದರು. ಸುದ್ದಿ ತಂದವನು ಎದುರಂಗಡಿಯ ಟೈಲರ್. ಸಂಘದ ಕಾರ್ಯದರ್ಶಿ, ನನ್ನ ಆಜನ್ಮ ಶತ್ರು. ಊರೆಲ್ಲ ಅವನನ್ನು ಮಿಲಿಮೀಟರ್ ಎಂದೇ ಕರೆಯುತ್ತದೆ. ಬೇರೆಯವರು ಹೊಲಿದ ಅಂಗಿಯನ್ನು ದೂರದಿಂದಲೇ ನೋಡಿ “ಎಡಭುಜ ಒಂದು ಮಿಲಿಮೀಟರ್ ಇಳಿದಿದೆ” ಎನ್ನುವ ಪ್ರಾಣಿ.

“ವೇದಿಕೆ ಮೇಲೆ ನಿಮ್ಮ ಕೈಯಾರೆ ಹೊಲಿದ ಕೋಟಲ್ಲೇ ಬರ್ಬೇಕು. ಎಲ್ಲಾ ಟೈಲರುಗಳೂ ನೋಡೋಕೆ ಕಾಯ್ತಿದಾರೆ” ಎಂದು ಹಲ್ಲು ಕಿರಿದ.

ನೋಡಲಿ! ನನ್ನ ಬಳಿ ಒಂದು ಬೂದುಬಣ್ಣದ ಕೋಟಿನ ಬಟ್ಟೆ ಇತ್ತು. ನನಗೆ ಕತ್ತರಿ ಹಿಡಿಯಲು ಕಲಿಸಿದ ಗುರುಗಳು ಕೊಟ್ಟದ್ದು. ಅಂಥ ನೇಯ್ಗೆ ಈಗ ಯಾವ ಅಂಗಡಿಯಲ್ಲೂ ಸಿಕ್ಕುವುದಿಲ್ಲ. ಸರಿಯಾದ ದಿನ ಬರಲಿ ಎಂದು ಇಷ್ಟು ವರ್ಷ ಮಡಿಸಿಟ್ಟಿದ್ದೆ. ಆ ಬಟ್ಟೆಯ ಕೋಟು ತೊಟ್ಟು, ಊರಿನ ಟೈಲರುಗಳೆಲ್ಲರ ಎದುರು ನಿಂತು, ಮಿಲಿಮೀಟರ್ ಒಂದೇ ಒಂದು ಕೊಂಕು ಹುಡುಕಲಾಗದೆ ಬಾಯಿ ಮುಚ್ಚಿಕೊಳ್ಳುವುದನ್ನು ನೋಡಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ಬಟ್ಟೆ ಕತ್ತರಿಸಿದೆ. ಅಳತೆ? ನನ್ನ ಅಳತೆ ತೆಗೆಯುವವರು ಯಾರು? ಮದುವೆಯ ಕೋಟಿಗೆಂದು ರಟ್ಟಿನಲ್ಲಿ ನನ್ನದೇ ಮೈಯಳತೆಯ ನಮೂನೆ ಕತ್ತರಿಸಿಟ್ಟುಕೊಂಡಿದ್ದೆ, ಅದನ್ನೇ ಬಟ್ಟೆಯ ಮೇಲಿಟ್ಟು ಗೆರೆ ಎಳೆದೆ. ನಗಬೇಡಿ. ನನ್ನ ಮೈ ಬದಲಾಗಿದೆ ಎಂದು ನನಗೆ ತಿಳಿಯಲು ದಾರಿಯೇ ಇರಲಿಲ್ಲ. ನಿಮಗಾದರೆ ಪ್ಯಾಂಟು ಬಿಗಿಯಾದರೆ ಗೊತ್ತಾಗುತ್ತದೆ. ನನ್ನ ಪ್ಯಾಂಟು ಬಿಗಿಯಾದಾಗಲೆಲ್ಲ ನಾನು ಹೊಲಿಗೆ ಬಿಚ್ಚಿ ಒಂದಿಷ್ಟು ಸಡಿಲ ಮಾಡಿಕೊಂಡು, ‘ಬಟ್ಟೆ ಒಗೆತಕ್ಕೆ ಕುಗ್ಗುತ್ತದೆ’ ಎಂದು ಬೈದು, ಮುಂದಿನ ಕೆಲಸ ನೋಡಿಕೊಳ್ಳುತ್ತಿದ್ದೆ. ಟೈಲರಿನ ಹೊಟ್ಟೆ ಹೀಗೆ ಯಾರಿಗೂ ಹೇಳದೆ ಬೆಳೆಯುತ್ತದೆ.

ಕೋಟು ಹೊಲಿದಾಯಿತು. ಕಾಜ ಗುಂಡಿ ಎಲ್ಲ ನನ್ನ ಹೆಂಡತಿಯ ಕೆಲಸ. ಕಾಜದ ಗುರುತು ಹಾಕಲು ನನಗೆ ಕೋಟು ತೊಡಿಸಿ ಮುಂದೆ ನಿಂತಳು. ಎಡಗಡೆ ಎಳೆದಳು. ಬಲಗಡೆ ಎಳೆದಳು. ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿದಳು.

“ರೀ, ಕಾಜ ಎಲ್ಲಿ ಮಾಡ್ಲಿ? ಗುಂಡಿ ಒಂದೂರಲ್ಲಿದೆ, ಕಾಜ ಇನ್ನೊಂದೂರಲ್ಲಿದೆ. ಮಧ್ಯೆ ಬಸ್ಸು ಬಿಡ್ಬೇಕು.”

“ಕನ್ನಡಿ ಸರಿ ಇಲ್ಲ” ಎಂದೆ.

“ನಾನು ಕನ್ನಡಿ ನೋಡ್ತಿಲ್ಲ, ನಿಮ್ಮನ್ನ ನೋಡ್ತಿದೀನಿ. ನಾಳೆಯಿಂದ ನಮ್ಮ ಜೊತೆ ನಿಂತ್ಕೊಳ್ಳಿ. ಕೋಟಿಗೆ ಅಂತ ಅಲ್ಲ, ಹೊಟ್ಟೆ ಅಷ್ಟು ಬೇಗ ಕರಗಲ್ಲ. ಮೆಷಿನ್ ಬಿಟ್ಟು ಏಳುವಾಗ ದಿನಾ ಅಯ್ಯಪ್ಪಾ ಅಮ್ಮಪ್ಪಾ ಅಂತೀರಲ್ಲ, ಅದಾದ್ರೂ ನಿಲ್ಲುತ್ತೆ.”

ಹೆಂಗಸರ ನಡುವೆ ನಿಂತು ಹಿಮ್ಮಡಿ ಎತ್ತುವುದೇ? ನಾನೇ? ಅದರ ಬದಲು ಗಂಡಸರಿಗೆ ತಕ್ಕ ವ್ಯಾಯಾಮವನ್ನೇ ಮಾಡಿ, ಸನ್ಮಾನದ ಹೊತ್ತಿಗೆ ಹೊಟ್ಟೆಯನ್ನು ಅಡಗಿಸಿಬಿಡುವುದೆಂದು ಭೀಷ್ಮಪ್ರತಿಜ್ಞೆ ಮಾಡಿದೆ. ಮಹಡಿಯ ಮೇಲೆ ಬಸ್ಕಿ ಹೊಡೆದೆ. ಹಗ್ಗ ಜಿಗಿದೆ. (ಕೆಳಗಿನಿಂದ ಅಮ್ಮ “ಮೇಲೆ ಯಾರೋ ಬೀರು ತಳ್ತಿದಾರೆ ನೋಡೇ” ಎಂದದ್ದು ಕೇಳಿಸಿತು.) ಮೈದಾನದ ಸುತ್ತ ಓಡಿದೆ. ಬೆವರು ಬಂತು, ಏದುಸಿರು ಬಂತು. ಸನ್ಮಾನದ ಹಿಂದಿನ ದಿನ, ಕೊನೆಯದಾಗಿ ಒಂದು ದೊಡ್ಡ ಬಸ್ಕಿ ಹೊಡೆದು ಕೆಳಗೆ ಕೂತವನಿಗೆ ಸೊಂಟದಲ್ಲಿ ಏನೋ ಚಳಕ್ ಎಂದಿತು. ಮೇಲೇಳಲಾಗಲಿಲ್ಲ. ಮೆಟ್ಟಿಲ ತನಕ ಹಾಗೇ ಅಂಬೆಗಾಲಿಟ್ಟು ಬಂದೆ. ಅಮ್ಮ, ಮೆಟ್ಟಿಲಿಗೆ ಹೆದರುತ್ತಿದ್ದ ನಮ್ಮಮ್ಮ, ಸರಸರನೆ ಹತ್ತಿ ಬಂದು ನನ್ನ ರಟ್ಟೆ ಹಿಡಿದು ಇಳಿಸಿಕೊಂಡು ಹೋದಳು. ಆ ಅವಮಾನಕ್ಕಿಂತ ಸೊಂಟದ ನೋವೇ ಮೇಲಾಗಿತ್ತು.

ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು.

ಮರುದಿನ ಭಾನುವಾರ. ಬಟ್ಟೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಕೋಟಿನ ಬಟ್ಟೆಯಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಗಿರಾಕಿಗಳ ಬಟ್ಟೆಯಿಂದ ಒಂದೆಳೆಯನ್ನೂ ಕದಿಯುವವನು ನಾನಲ್ಲ. (ಹೆಂಡತಿ ಎದುರಿಗೇ ನಿಂತಿದ್ದಳು ಎನ್ನುವುದು ಬೇರೆ ಮಾತು.) ಅವಳೇ ಕೋಟಿನ ಬೆನ್ನಿನ ನಡುಹೊಲಿಗೆ ಬಿಚ್ಚಿ, ಮನೆಯಲ್ಲಿದ್ದ ಒಂದೇ ಹೊಸ ಬಟ್ಟೆಯ ಪಟ್ಟಿಯನ್ನು ಅಲ್ಲಿಗೆ ಕೂಡಿಸಿದಳು. ಅದು ಅಮ್ಮನ ವ್ಯಾಯಾಮದ ಪೈಜಾಮ ಹೊಲಿದು ಮಿಕ್ಕಿದ್ದು. ಹಳದಿ ನೆಲದ ಮೇಲೆ ಕೆಂಪು ಹೂವು.

“ಮಡಿಕೆ ಒಳಗೆ ಬರೋ ಹಾಗೆ ಹೊಲಿದಿದೀನಿ” ಎಂದು ಧೈರ್ಯ ಹೇಳಿದಳು. “ಹೊಟ್ಟೆ ಒಳಗೆಳ್ಕೊಂಡು ನೆಟ್ಟಗಿದ್ರೆ ಏನೂ ಕಾಣಲ್ಲ. ಬಗ್ಗಬೇಡಿ ಅಷ್ಟೇ.”

“ನಾನು ಯಾರಿಗೂ ಬಗ್ಗೋನಲ್ಲ!” ಎಂದು ಗುಡುಗಿದೆ. ಗುಡುಗಿದ್ದಕ್ಕೆ ಸೊಂಟ ಹಿಡಿದುಕೊಂಡಿತು.

ಸಭಾಂಗಣ ತುಂಬ ಟೈಲರುಗಳು. ಬೇರೆ ಯಾವ ಸಭೆಯಾಗಿದ್ದರೂ ಜನ ನನ್ನ ಮುಖ ನೋಡುತ್ತಿದ್ದರು, ಇವರೆಲ್ಲ ಕಾಲರ್ ನೋಡುತ್ತಿದ್ದರು. ಅಮ್ಮನೂ ಹೆಂಡತಿಯೂ ಮೊದಲ ಸಾಲಿನಲ್ಲಿ ಕೂತರು. ನಾನು ಗೋಡೆಗೆ ಬೆನ್ನು ತಾಗಿಸಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆದು ವೇದಿಕೆ ಸೇರಿದೆ. ಅಲ್ಲಿ ನನಗಾಗಿ ಒಂದು ಸೋಫಾ ಹಾಕಿದ್ದರು. ಕೂತೆ. ಆ ಹಾಳು ಸೋಫಾ ನನ್ನನ್ನು ಒಳಕ್ಕೆ ನುಂಗಿಕೊಂಡಿತು. ಮಂಡಿ ಗದ್ದದ ಮಟ್ಟಕ್ಕೆ ಬಂತು. ವೇದಿಕೆಯ ಹಿಂದಿನ ಸಾಲಿನಲ್ಲಿ, ಸರಿಯಾಗಿ ನನ್ನ ಬೆನ್ನ ಹಿಂದೆ, ಮಿಲಿಮೀಟರ್ ಕನ್ನಡಕ ಒರೆಸಿಕೊಳ್ಳುತ್ತಿದ್ದ.

ಸಂಘದ ಅಧ್ಯಕ್ಷರು ಸ್ಮರಣಿಕೆ ಹಿಡಿದುಕೊಂಡು ಮೈಕಿನ ಮುಂದೆ ನಿಂತು, “ದಯವಿಟ್ಟು ಬರಬೇಕು” ಎಂದು ನನ್ನನ್ನು ಕರೆದರು. ಚಪ್ಪಾಳೆ. ನಾನು ಏಳಲು ಹೋದೆ. ಸೊಂಟ ಒಪ್ಪಲಿಲ್ಲ. ಕೈ ಊರಿ ಏಳೋಣವೆಂದರೆ ಸೋಫಾ ಕೈಯನ್ನೂ ನುಂಗಿತು. ನಗುತ್ತ ಕೂತೇ ಇದ್ದೆ.

“ನೋಡಿ ಮಹನೀಯರೆ, ಎಂಥ ವಿನಯ! ಕರೆದರೂ ಏಳುತ್ತಿಲ್ಲ” ಎಂದರು ಅಧ್ಯಕ್ಷರು. ಇನ್ನೂ ಜೋರಾಗಿ ಚಪ್ಪಾಳೆ. ಬೆವರು ಕಾಲರಿಗಿಳಿಯಿತು.

ಆಗ ಮೊದಲ ಸಾಲಿನಿಂದ ಇಡೀ ಸಭೆಗೆ ಕೇಳುವಂತೆ ಒಂದು ದನಿ ಎದ್ದಿತು.

“ವಿನಯ ಅಲ್ಲ ಸ್ವಾಮಿ, ಅವನಿಗೆ ಏಳೋಕಾಗ್ತಿಲ್ಲ! ಲೋ, ತುದಿಗೆ ಜರುಗೋ! ಪಾದ ಹಿಂದಕ್ಕೆ ಎಳ್ಕೋ!”

“ಅಮ್ಮಾ, ಸುಮ್ನಿರಮ್ಮಾ” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ. ಅಮ್ಮ ಅಷ್ಟರಲ್ಲಿ ವೇದಿಕೆಯ ಮೆಟ್ಟಿಲನ್ನೇ ಹತ್ತಿ ಬಂದಿದ್ದಳು.

“ಎದೆ ಮುಂದಕ್ಕೆ ಬಾಗ್ಸು. ಇನ್ನೂ ಬಾಗ್ಸು. ಹೆದರ್ಬೇಡ, ನಿಧಾನ. ಈಗ ಉಸಿರು ಬಿಡ್ತಾ ಏಳು!”

ಹೆಂಡತಿ ಕೆಳಗಿನಿಂದ “ಬಗ್ಗಬೇಡಿ ರೀ!” ಎನ್ನುವಂತೆ ಕೈಯಾಡಿಸುತ್ತಿದ್ದಳು. ಹೆಂಡತಿಯ ಮಾತು ಕೇಳಿದರೆ ಆ ಸೋಫಾದಲ್ಲೇ ಆಯುಷ್ಯ ಕಳೆಯಬೇಕಿತ್ತು. ಬಾಗಿದೆ. ಉಸಿರು ಬಿಟ್ಟೆ. ಆಶ್ಚರ್ಯವೆಂದರೆ, ಒಂಚೂರೂ ನೋವಾಗದೆ ಸಲೀಸಾಗಿ ಮೇಲೆದ್ದೆ. ಆದರೆ ಬಾಗಿದ ಹೊತ್ತಿನಲ್ಲಿ ಬೆನ್ನಿನ ಮಡಿಕೆ ಬಿಚ್ಚಿಕೊಂಡಿತ್ತು.

“ಇದೇನ್ರೀ ಇದು!” ಎಂದ ಮಿಲಿಮೀಟರ್. ಕಾಲರಿನಿಂದ ಕೆಳತುದಿಯ ತನಕ ಬೆರಳಾಡಿಸಿ, ನನ್ನನ್ನು ಭುಜ ಹಿಡಿದು ಸಭೆಯ ಕಡೆಗೆ ಬೆನ್ನು ಕಾಣುವಂತೆ ತಿರುಗಿಸಿದ. “ಬೂದು ಕೋಟಿಗೆ ಹೂವಿನ ಹಳದಿ ಪಟ್ಟಿ? ಇದ್ಯಾವ ಹೊಸ ಫ್ಯಾಷನ್ನು?”

ಸಭೆ ಕುತ್ತಿಗೆ ಉದ್ದ ಮಾಡಿತು. ‘ಹೌದು, ಫ್ಯಾಷನ್ನು’ ಎನ್ನಲು ನಾನು ಬಾಯಿ ತೆರೆದೆ. ಆ ಒಂದು ಮಾತಿನಲ್ಲಿ ನನ್ನ ಮಾನ ಉಳಿಯುತ್ತಿತ್ತು. ಆದರೆ ಅಮ್ಮ ಮೈಕಿನ ಪಕ್ಕದಲ್ಲೇ ನಿಂತಿದ್ದಳಲ್ಲ.

“ಫ್ಯಾಷನ್ನೂ ಇಲ್ಲ, ಏನೂ ಇಲ್ಲಪ್ಪ. ಅದು ಹೊಟ್ಟೆ.”

ನಕ್ಕರು. ಎಷ್ಟು ನಕ್ಕರೆಂದರೆ, ನಗುತ್ತ ನಗುತ್ತ ಒಬ್ಬೊಬ್ಬರೇ ಸೊಂಟ ಹಿಡಿದುಕೊಂಡು ‘ಅಯ್ಯಯ್ಯೋ’ ಎಂದರು. ದಿನವಿಡೀ ಮೆಷಿನ್ನಿನ ಮೇಲೆ ಬಗ್ಗಿ ಕೂರುವ ಜಾತಿ, ಯಾರ ಸೊಂಟ ತಾನೆ ನೆಟ್ಟಗಿರುತ್ತದೆ! ಸ್ಮರಣಿಕೆಯನ್ನು ಯಾರೋ ನನ್ನ ಕೈಗೆ ತುರುಕಿದರು. ಆಮೇಲೆ ನನ್ನ ಕಡೆ ತಿರುಗಿ ನೋಡಿದವರಿಲ್ಲ. ಊರಿನ ಟೈಲರುಗಳೆಲ್ಲ ಅಮ್ಮನನ್ನು ಮುತ್ತಿಕೊಂಡಿದ್ದರು. “ನಂಗೆ ಕತ್ತು ಹಿಡ್ಕೊಳ್ಳುತ್ತಮ್ಮಾ.” “ನಂಗೆ ಮಂಡಿ.” “ಆ ಉಸಿರು ಬಿಟ್ಟು ಏಳೋದು ಇನ್ನೊಂದ್ಸಲ ತೋರಿಸಿ ತಾಯೀ.” ಎಲ್ಲರಿಗಿಂತ ಮುಂದೆ ಮಿಲಿಮೀಟರ್ ಇದ್ದ. ಎಡಭುಜ ಮೇಲೆತ್ತಲು ಬರುವುದಿಲ್ಲವಂತೆ ಅವನಿಗೆ. (ಯಾರ ಎಡಭುಜ ಇಳಿದಿತ್ತು ನೋಡಿ!)

“ನಾಳೆ ಬೆಳಗ್ಗೆ ಎಲ್ಲಾ ನಮ್ಮನೆಗೇ ಬಂದ್ಬಿಡಿ. ಬಿಸಿಲೂ ಚೆನ್ನಾಗಿರುತ್ತೆ” ಎಂದಳು ಅಮ್ಮ.

ಬಂದರು. ಬರುತ್ತಲೇ ಇದ್ದಾರೆ. ನನ್ನ ಮೇಜು ಈಗ ಅಂಗಳಕ್ಕೇ ಹೋಗಿದೆ. ಕೋಣೆಯಲ್ಲಿ ಬೆಳಗಾದರೆ ಊರಿನ ಅಷ್ಟೂ ಟೈಲರುಗಳು ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುತ್ತಾರೆ. ಎತ್ತಿದವರು ಸುಮ್ಮನಿರುತ್ತಾರೆಯೇ? ಗೋಡೆಗೆ ನೇತುಹಾಕಿದ ನನ್ನ ಹೊಲಿಗೆಗಳಲ್ಲಿ ಹುಳುಕು ಹುಡುಕುತ್ತಾರೆ. ನನಗೂ ನಿಲ್ಲದೆ ವಿಧಿಯಿಲ್ಲ. ನಿಂತು ಪ್ರಯೋಜನವಾಯಿತೇ ಎಂದು ಯಾರಾದರೂ ಕೇಳಿದರೆ ಇಲ್ಲವೆಂದೇ ಹೇಳುತ್ತೇನೆ. ಮೆಷಿನ್ ಬಿಟ್ಟು ಏಳುವಾಗ ಈಗ ಸದ್ದು ಹೊರಡುವುದಿಲ್ಲ, ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ, ಗಿರಾಕಿ ಬೈದರೂ ಸಿಟ್ಟು ಬರುವುದಿಲ್ಲ. ಇವೆಲ್ಲ ಹವಾಮಾನದ ಪರಿಣಾಮ.

ನನಗೆ ತಡೆಯಲಾಗದ್ದು ಒಂದೇ, ಅಮ್ಮ ನನ್ನನ್ನು ನಿಲ್ಲಿಸುವ ಜಾಗ. ಮೊದಲ ಸಾಲಿನ ನಟ್ಟನಡುವೆ, ಎಲ್ಲರಿಗೂ ಕಾಣುವಂತೆ. ಏನೇ ಆಗಲಿ, ಸನ್ಮಾನಿತ ಹಿರಿಯ ಟೈಲರ್, ಮನೆಯ ಯಜಮಾನ, ಅದಕ್ಕೇ ಈ ಮರ್ಯಾದೆ ಎಂದುಕೊಂಡಿದ್ದೆ. ಆದರೂ ಮಿಲಿಮೀಟರನ ಕಣ್ಣು ಬೆನ್ನಿಗೆ ಚುಚ್ಚುತ್ತದಲ್ಲ, ಮೊನ್ನೆ ಕೇಳಿಯೇ ಬಿಟ್ಟೆ.

“ಅಮ್ಮಾ, ನಾನು ಹಿಂದಿನ ಸಾಲಿಗೆ ಹೋಗ್ಲಾ?”

“ಸುಮ್ನೆ ನಿಂತ್ಕೊಳ್ಳೋ” ಎಂದಳು ಅಮ್ಮ, ಕೋಣೆಗೆಲ್ಲ ಕೇಳುವಂತೆ. “ನಿನ್ನನ್ನ ನೋಡಿದ್ರೇನೇ ಮಿಕ್ಕವರಿಗೆ ಧೈರ್ಯ ಬರೋದು.”